ಬಿಡಿ ಇಎಸ್‌ಸಿಯೋ, ಒಂದೇ ಬೋರ್ಡೋ: ಎರಡು ಕ್ವಾಡ್‌ಕಾಪ್ಟರ್ ಕಿಟ್‌ಗಳ ಹೋಲಿಕೆ

ನಾಲ್ಕು ಪ್ರೊಪೆಲ್ಲರ್‌ಗಳ ಡ್ರೋನ್ ಆದ ಕ್ವಾಡ್‌ಕಾಪ್ಟರಿನ ಎರಡು ಕಿಟ್‌ಗಳಲ್ಲಿ ನಾನು ಮೊದಲು ಜೋಡಿಸಿದ್ದು ಎಫ್450 ಮಾದರಿಯ ಪ್ಲಾಸ್ಟಿಕ್ ಫ್ರೇಮಿನದು. ಕರ್ಣದ ಉದ್ದಕ್ಕೆ ಮೋಟಾರಿನಿಂದ ಮೋಟಾರಿಗೆ 450 ಮಿ.ಮೀ. ಅಂತರವಿರುವ ಇದರಲ್ಲಿ, ಮೋಟಾರಿನ ವೇಗವನ್ನು ನಿಯಂತ್ರಿಸುವ ಇಎಸ್‌ಸಿ ತೋಳಿಗೊಂದರಂತೆ ಬಿಡಿಬಿಡಿಯಾಗಿರುತ್ತದೆ. ಆಮೇಲೆ ಕೈಹಾಕಿದ್ದು 5 ಇಂಚಿನ ಪ್ರೊಪೆಲ್ಲರ್ ಹಿಡಿಸುವ ಕಾರ್ಬನ್ ಫೈಬರ್ ಫ್ರೇಮಿಗೆ. ಅಲ್ಲಿ ನಾಲ್ಕೂ ಇಎಸ್‌ಸಿಗಳು ಒಂದೇ ಬೋರ್ಡಿನಲ್ಲಿದ್ದು, ಅದರ ಮೇಲೆ ಹಾರಾಟವನ್ನು ನಿಯಂತ್ರಿಸುವ ಬೋರ್ಡಾದ ಫ್ಲೈಟ್ ಕಂಟ್ರೋಲರ್ ಕೂರುತ್ತದೆ.

ನೋಡುವುದಕ್ಕೆ ಎರಡನೆಯದೇ ಸರಳ, ಏಕೆಂದರೆ ವೈರುಗಳ ಗೋಜಲಿಲ್ಲ. ಆದರೆ ಬೆಸುಗೆಯ ಕೆಲಸ ಆರಂಭವಾದೊಡನೆ ಆ ಅಭಿಪ್ರಾಯ ಬದಲಾಯಿತು. ಎಫ್450ರಲ್ಲಿ ಮೋಟಾರು ಮತ್ತು ಇಎಸ್‌ಸಿ ಸಿಕ್ಕಿಸಿ ಬಿಚ್ಚಬಹುದಾದ ಬುಲೆಟ್ ಕನೆಕ್ಟರ್‌ಗಳಿಂದ ಕೂಡಿಕೊಳ್ಳುವುದರಿಂದ, ಮೋಟಾರು ತಪ್ಪು ದಿಕ್ಕಿಗೆ ತಿರುಗಿದರೆ ಮೂರು ವೈರುಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಬೆಸುಗೆ ಬೇಕಾಗುವುದು ವಿದ್ಯುತ್ ಹಂಚುವ ಕೆಳತಟ್ಟೆಯ ಅಗಲವಾದ ಪ್ಯಾಡುಗಳಿಗೆ, ಅಂದರೆ ವೈರು ಬೆಸೆಯುವ ಲೋಹದ ಜಾಗಗಳಿಗೆ, ಮಾತ್ರ. ಚಿಕ್ಕ ಬೋರ್ಡಿನಲ್ಲಾದರೋ ಮೋಟಾರುಗಳ ಹನ್ನೆರಡು ವೈರುಗಳನ್ನೂ ಅಕ್ಕಪಕ್ಕದ ಪುಟ್ಟ ಪ್ಯಾಡುಗಳಿಗೆ ಬೆಸೆಯಬೇಕು. ಬ್ಯಾಟರಿಯ ನೆಗೆಟಿವ್ ಪ್ಯಾಡಂತೂ ಒಳಗಿನ ತಾಮ್ರದ ಪದರಕ್ಕೆಲ್ಲ ಶಾಖವನ್ನು ಹರಡಿಬಿಡುತ್ತದೆ. ನನ್ನ ಚೂಪು ಮೊನೆಯ ಐರನ್ನಿನಿಂದ ಬೆಸೆದ ವೈರು ಮೆಲ್ಲಗೆ ಎಳೆದದ್ದಕ್ಕೇ ಕಿತ್ತುಬಂತು. ಅಗಲ ಮೊನೆ ಹಾಕಿದ ಮೇಲೆಯೇ ಅದು ನಿಂತದ್ದು.

ರಿಪೇರಿಯ ಲೆಕ್ಕದಲ್ಲಿಯೂ ದೊಡ್ಡದೇ ಮೇಲು. ಅದರ ಪೊಟ್ಟಣದಲ್ಲಿ ಎರಡು ಅಳತೆಯ ತಿರುಪುಗಳು ಬೆರೆತುಹೋಗಿದ್ದವು; ಉದ್ದದ್ದೊಂದನ್ನು ಮೋಟಾರಿನ ಬುಡಕ್ಕೆ ಬಿಗಿದದ್ದರಿಂದ ಅದರ ತುದಿ ಒಳಗಿನ ಸುರುಳಿಯನ್ನು ಕೊರೆಯಿತು. ಮೋಟಾರು ತಿರುಗದೆ ಅದುರತೊಡಗಿತು, ಇಎಸ್‌ಸಿ ಮುಟ್ಟಲಾರದಷ್ಟು ಬಿಸಿಯಾಗಿ ಕೆಟ್ಟಿತು. ಅಲ್ಲಿ ಒಂದು ಮೋಟಾರು, ಒಂದು ಇಎಸ್‌ಸಿ ಬದಲಾಯಿಸಿ ಮುಗಿಸಿದೆ. ಇದೇ ತಪ್ಪನ್ನು ಎರಡನೆಯ ಕಿಟ್‌ನಲ್ಲಿ ಮಾಡಿದ್ದರೆ ಇಡೀ ಬೋರ್ಡನ್ನೇ ಕಿತ್ತುಹಾಕಬೇಕಾಗುತ್ತಿತ್ತು. ಮೇಲಾಗಿ ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ತೋಳಿನ ಅಂಚಿಗೆ ವೈರಿನ ಹೊದಿಕೆ ಸವೆದರೆ ಅಪಾಯ ತಪ್ಪಿದ್ದಲ್ಲ.

ಚಿಕ್ಕದರ ಹೆಚ್ಚುಗಾರಿಕೆ ಇರುವುದು ಗಟ್ಟಿತನದಲ್ಲಿ ಮತ್ತು ಅದರ ಫ್ಲೈಟ್ ಕಂಟ್ರೋಲರಿನಲ್ಲಿರುವ ಬೀಟಾಫ್ಲೈಟ್ ತಂತ್ರಾಂಶದಲ್ಲಿ: ಸೆಟ್ಟಿಂಗ್‌ಗಳೆಲ್ಲ ಕಂಪ್ಯೂಟರಿನಿಂದಲೇ ಆಗುತ್ತವೆ. ಹಾರಾಟದಲ್ಲಿ ಅದು ರಿಮೋಟಿನ ಸ್ಟಿಕ್ ಅಲುಗಿದರೆ ಸಾಕು ಚಿಮ್ಮುತ್ತದೆ, ಹೊಸಬರಿಗೆ ಅದೇ ತೊಡಕು. 920 ಕೆವಿ (ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 920 ಸುತ್ತು) ಮೋಟಾರು, 10 ಇಂಚಿನ ಪ್ರೊಪೆಲ್ಲರ್, ಮೂರು ಸೆಲ್‌ನ 11.1 ವೋಲ್ಟ್ ಬ್ಯಾಟರಿಯ ದೊಡ್ಡದು ಸಾವಧಾನವಾಗಿ ಏಳುತ್ತದೆ. ಬಿದ್ದಾಗ ಮುರಿಯುವುದು ಹೆಚ್ಚಾಗಿ ತೋಳು, ಅದನ್ನು ತಿರುಪು ಬಿಚ್ಚಿ ಬದಲಾಯಿಸಬಹುದು. ಬೆಸುಗೆ ಪಳಗದವರಿಗೆ ನಾನು ಹೇಳುವುದು ಈ ದೊಡ್ಡದನ್ನೇ.

ಎರಡನೆಯದನ್ನೇ ಆರಿಸುವವರು ಪ್ರೊಪೆಲ್ಲರ್ ಹಾಕುವ ಮುನ್ನ, ಮೊದಲ ಬಾರಿ ಬ್ಯಾಟರಿಯನ್ನು ಒಂದು ಕಾರಿನ ಬಲ್ಬಿನ ಮೂಲಕ ಸರಣಿಯಲ್ಲಿ ಜೋಡಿಸಬೇಕು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ನನ್ನದು ಪ್ರಖರವಾಗಿ ಉರಿಯುತ್ತಲೇ ಇತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಪಾಸಿಟಿವ್, ನೆಗೆಟಿವ್ ಪ್ಯಾಡುಗಳ ನಡುವೆ ಕೂದಲೆಳೆಯಷ್ಟು ಬೆಸುಗೆ ಅಂಟಿಕೊಂಡಿತ್ತು.