ಪಟದಲ್ಲಿ ಆಗಮ ಎಲ್ಲಿದೆ?

"ಅಮ್ಮಾ, ರಾಮಾಯಣ ವೇದದಲ್ಲಿ ಬರುತ್ತಾ?" ಅಂತ ಮಗಳು ಕೇಳಿದಳು. ಇಲ್ಲ ಅಂದೆ. ಮತ್ತೆ ಎಲ್ಲಿ ಅಂದಾಗ ತಡವರಿಸಿದೆ. ಹಾಗಾಗಿ ಪುಸ್ತಕ ಮೇಳದಲ್ಲಿ ಈ ಗೋಡೆ ಪಟ ಕಂಡ ಕೂಡಲೇ 180 ರೂಪಾಯಿ ಕೊಟ್ಟು ತಂದೆ. ನಮ್ಮ ಗ್ರಂಥಗಳನ್ನೆಲ್ಲ ಆಲದ ಮರದ ಹಾಗೆ ಬಿಡಿಸಿದ್ದಾರೆ. ಈಗ ಫ್ರಿಜ್ ಪಕ್ಕದಲ್ಲಿ ನೇತಾಡುತ್ತಿದೆ.

ಎಡಗಡೆ ಶ್ರುತಿ, ಅಂದರೆ ಕೇಳಿ ಕಲಿತುಕೊಂಡು ಬಂದ ವೇದಗಳು. ಈ ಭಾಗಕ್ಕೇ ದುಡ್ಡು ಕೊಡಬಹುದು. ನಾಲ್ಕು ವೇದ, ಒಂದೊಂದರಲ್ಲೂ ಸಂಹಿತೆ, ಬ್ರಾಹ್ಮಣ, ಆರಣ್ಯಕ, ಉಪನಿಷತ್ತು ಅಂತ ನಾಲ್ಕು ಬಣ್ಣ. ಅಥರ್ವವೇದಕ್ಕೆ ಆರಣ್ಯಕ ಸಿಕ್ಕಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದಾರೆ, ಸುಮ್ನೆ ಏನೋ ತುಂಬಿಸಿಲ್ಲ. ಈಶಾವಾಸ್ಯ ಉಪನಿಷತ್ತನ್ನು ಸಂಹಿತೆಯ ಬಣ್ಣದೊಳಗೇ ಇಟ್ಟಿದ್ದಾರೆ. ತಪ್ಪಿರಬೇಕು ಅಂದುಕೊಂಡಿದ್ದೆ. ನೋಡಿದರೆ ಅದು ಶುಕ್ಲ ಯಜುರ್ವೇದ ಸಂಹಿತೆಯ 40ನೇ ಅಧ್ಯಾಯವೇ!

ಬಲಗಡೆ ಸ್ಮೃತಿ, ಅಂದರೆ ನೆನಪಿನಿಂದ ಬಂದ, ವೇದದ ನಂತರದ ಗ್ರಂಥಗಳು. ಇಲ್ಲಿ ಅವಸರ ಎದ್ದು ಕಾಣುತ್ತದೆ. ಇತಿಹಾಸದ ಕೊಂಬೆಗೆ ರಾಮಾಯಣ, ಮಹಾಭಾರತ. ಪಕ್ಕದಲ್ಲಿ 18 ಪುರಾಣ, ಮನುಸ್ಮೃತಿ, ಯಾಜ್ಞವಲ್ಕ್ಯ ಸ್ಮೃತಿ. ಆದರೆ ಭಗವದ್ಗೀತೆ ಎಡಗಡೆ ಉಪನಿಷತ್ತುಗಳ ಜೊತೆ ಕೂತಿದೆ. ಅಧ್ಯಾಯ ಮುಗಿದಾಗಲೆಲ್ಲ "ಭಗವದ್ಗೀತಾಸೂಪನಿಷತ್ಸು" ಅಂತ ಬರುತ್ತದಲ್ಲ, ಅದರಿಂದ ಎಡವಿರಬಹುದು. ಗೀತೆ ಇರುವುದು ಮಹಾಭಾರತದ ಭೀಷ್ಮಪರ್ವದಲ್ಲಿ. ವೇದಾಂತಕ್ಕೆ ಆಧಾರವಾದ ಮೂರು, ಅಂದರೆ ಉಪನಿಷತ್ತು, ಬ್ರಹ್ಮಸೂತ್ರ, ಗೀತೆ ಸೇರಿದ ಪ್ರಸ್ಥಾನತ್ರಯದಲ್ಲೂ ಅದನ್ನು ಸ್ಮೃತಿ ಪ್ರಸ್ಥಾನ ಅಂತಲೇ ಕರೆಯುತ್ತಾರೆ. ನಾನೇ ಬಾಣ ಎಳೆದು ಬಲಗಡೆಗೆ ಕಳಿಸಿದೆ. ಲ್ಯಾಮಿನೇಷನ್ ಮೇಲೆ ಬಾಲ್‌ಪೆನ್ ಹತ್ತುವುದಿಲ್ಲ, ಮಾರ್ಕರ್ ಬೇಕು.

ಜಾಸ್ತಿ ಸಿಟ್ಟು ಬಂದದ್ದು ನನ್ನ ಮಾವನವರಿಗೆ. ನಲವತ್ತು ವರ್ಷ ದೇವಸ್ಥಾನದಲ್ಲಿ ಪೂಜೆ ಮಾಡಿದವರು. ಕನ್ನಡಕ ಏರಿಸಿಕೊಂಡು ಮೊದಲು ಹುಡುಕಿದ್ದು ಆಗಮವನ್ನು, ಅಂದರೆ ಗುಡಿ, ಪೂಜೆಯ ಕ್ರಮ ಹೇಳುವ ಗ್ರಂಥಗಳನ್ನು. ಬೇರಿನ ಹತ್ತಿರ, ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಸಿಕ್ಕಿತು. ಮೇಲೆ "ಇತರೆ" ಅಂತ ಬರೆದಿದೆ. "ಏನಮ್ಮಾ, ಮೇಲುಕೋಟೆಯಲ್ಲಿ ಪಾಂಚರಾತ್ರ ಆಗಮ, ತಿರುಪತಿಯಲ್ಲಿ ವೈಖಾನಸ ಆಗಮ. ಗುಡಿ ಕಟ್ಟುವುದರಿಂದ ಹಿಡಿದು ದೇವರಿಗೆ ಅಭಿಷೇಕ ಮಾಡುವವರೆಗೆ ಎಲ್ಲಾ ಆಗಮದ ಪ್ರಕಾರ. ಅದು ಇತರೆಯಾ?" ಅಂದರು. ಅವರು ಹೇಳುವುದೂ ಸರಿ ಅಲ್ವಾ? ಜನ ದಿನಾ ನೋಡುವುದು ಗುಡಿಯ ಪೂಜೆಯನ್ನೇ.

ಈಗ ಆ ಚೌಕದ ಮೇಲೆ ಒಂದು ಬಿಳಿ ಚೀಟಿ ಅಂಟಿದೆ, ಮಾವನವರ ದುಂಡು ಅಕ್ಷರದಲ್ಲಿ: ಶೈವಾಗಮ 28, ಪಾಂಚರಾತ್ರ, ವೈಖಾನಸ, ಶಾಕ್ತ. ಚೀಟಿ ಚೌಕಕ್ಕಿಂತ ದೊಡ್ಡದಾಗಿ, ಆಲದ ಎರಡು ಬಿಳಲು ಮುಚ್ಚಿಹೋಗಿವೆ.