ಮೂರು ಗೋಡೆ, ಹತ್ತು ಮಳೆಗಾಲ: ಧರೆಗೆ ಕಟ್ಟಿದ ಕಲ್ಲುಗಳ ಬಗ್ಗೆ ನನ್ನ ಅನುಭವ

ನಮ್ಮ ಮನೆ ಪುತ್ತೂರಿನಿಂದ ಸುಳ್ಯದ ಕಡೆ ಹೋಗುವಾಗ ಸಿಗುವ ಒಂದು ಗುಡ್ಡದ ಬದಿಯಲ್ಲಿದೆ. 2015ರ ಜನವರಿಯಲ್ಲಿ ಜೆಸಿಬಿ ಬಂದು ಗುಡ್ಡ ತರಿದು ಜಾಗ ಸಮ ಮಾಡಿಕೊಟ್ಟಿತು. ಎರಡೇ ದಿನದ ಕೆಲಸ. ಆ ಎರಡು ದಿನದಲ್ಲಿ ಎದ್ದು ನಿಂತ ಧರೆಯನ್ನು, ಅಂದರೆ ನೆಟ್ಟಗೆ ತರಿದ ಗುಡ್ಡದ ಬದಿಯನ್ನು, ಹಿಡಿದಿಡಲು ಅಂದಿನಿಂದ ಇಂದಿನವರೆಗೆ ದುಡ್ಡು ಸುರಿಯುತ್ತಲೇ ಇದ್ದೇವೆ.

ಮೂರು ಕಡೆ ತಡೆಗೋಡೆ ಬೇಕಿತ್ತು. ಮೂರಕ್ಕೂ ಬೇರೆ ಬೇರೆ ಸಾಮಾನು ಹಾಕಿದೆವು. ಯೋಚನೆ ಮಾಡಿ ಹಾಕಿದ್ದಲ್ಲ, ಆಯಾ ಹೊತ್ತಿಗೆ ಕೈಯಲ್ಲಿ ಏನಿತ್ತೋ ಅದು. ಮನೆಯ ಹಿಂದೆ ಆರಡಿ ಎತ್ತರಕ್ಕೆ ಸಿಮೆಂಟಿನ ಸಾಲಿಡ್ ಬ್ಲಾಕ್. ಅಂಗಳದ ಬದಿಗೆ, ನನ್ನ ಹೂವಿನ ಗಿಡಗಳಿರುವಲ್ಲಿ, ನಾಲ್ಕಡಿ ಕೆಂಪುಕಲ್ಲು. ಕೆಳಗೆ ಅಡಿಕೆ ತೋಟಕ್ಕೆ ಇಳಿಯುವಲ್ಲಿ ಏಳಡಿ ಕಾಡುಕಲ್ಲು, ಅದೂ ಒಂದು ಚಮಚ ಸಿಮೆಂಟ್ ಇಲ್ಲದೆ. ಈ ಕೊನೆಯದು ನಮ್ಮ ಮಾವನ ಹಠ. ಆಗ ನಾನು ಒಳಗೊಳಗೇ ನಕ್ಕಿದ್ದೆ.

ಮೊದಲು ಬಿದ್ದ ಗೋಡೆಯ ಕತೆ ಹೇಳಿಬಿಡುತ್ತೇನೆ. ಬ್ಲಾಕ್ ಗೋಡೆ ನೋಡಲು ಬಹಳ ಚೆನ್ನಾಗಿತ್ತು. ಎಂಟಿಂಚು ದಪ್ಪ, ನೇರ, ಮೇಲೆ ಸಾರಣೆ, ಬಿಳಿ ಬಣ್ಣ. ಎಂಟು ದಿನದಲ್ಲಿ ಮುಗಿಯಿತು. ನೀರು ಹೊರಗೆ ಬರಲಿ ಎಂದು ಗುತ್ತಿಗೆಯವರು ಅಲ್ಲಲ್ಲಿ ಪಿವಿಸಿ ಪೈಪಿನ ತುಂಡುಗಳನ್ನೂ ಇಟ್ಟಿದ್ದರು. ಮೊದಲ ಮಳೆಗಾಲದಲ್ಲಿ ಆ ಪೈಪುಗಳಿಂದ ಕೆಂಪು ನೀರು ಬಂತು. ಎರಡನೆಯದರಲ್ಲಿ ತೊಟ್ಟಿಕ್ಕಿತು. ಮೂರನೆಯದರಲ್ಲಿ ಏನೂ ಬರಲಿಲ್ಲ. ಒಳಗೆ ನೀರೇ ಇಲ್ಲ, ಗೋಡೆ ಗಟ್ಟಿಯಾಗಿದೆ ಎಂದುಕೊಂಡು ಖುಷಿಪಟ್ಟೆ ನಾನು! ಬಣ್ಣದ ಮೇಲೆ ಬಿಳಿ ಉಪ್ಪು ಏಳುತ್ತಿತ್ತು, ನಡುವೆ ಸ್ವಲ್ಪ ಹೊಟ್ಟೆ ಬಂದ ಹಾಗೆ ಕಾಣುತ್ತಿತ್ತು. ನೋಡಿದರೂ ನೋಡದ ಹಾಗೆ ಇದ್ದೆವು.

2018ರ ಆಗಸ್ಟ್ ನಿಮಗೂ ನೆನಪಿರಬಹುದು. ಮಡಿಕೇರಿ ದಾರಿಯ ಜೋಡುಪಾಲದಲ್ಲಿ ಗುಡ್ಡ ಜಾರಿದ ವಾರ ಅದು. ಬೆಳಗಿನ ಜಾವ ದೊಪ್ಪನೆ ಒಂದು ಸದ್ದು. ಹಿಂದಿನ ಗೋಡೆಯ ಇಪ್ಪತ್ತು ಅಡಿ ಒಟ್ಟಿಗೇ ಮಲಗಿತ್ತು. ನನ್ನ ಬೇವಿನಸೊಪ್ಪಿನ ಗಿಡ, ಎರಡು ಮಲ್ಲಿಗೆ ಬುಡ, ಬಟ್ಟೆ ಒಗೆಯುವ ಕಲ್ಲು ಎಲ್ಲ ಅಡಿಗೆ. ಯಾರೂ ಆ ಕಡೆ ಇರಲಿಲ್ಲ, ಅದೊಂದೇ ಪುಣ್ಯ.

ಮಣ್ಣು ತೆಗೆಸುವಾಗ ಗುಟ್ಟು ಗೊತ್ತಾಯಿತು. ಪೈಪಿನ ಹಿಂದೆ ಜಲ್ಲಿಯೇ ಹಾಕಿರಲಿಲ್ಲ. ತರಿದ ಅಂಟುಮಣ್ಣನ್ನೇ ಹಿಂದಕ್ಕೆ ತುಂಬಿದ್ದರು. ಅದು ಪೈಪಿನ ಬಾಯಿಗೆ ಮೆತ್ತಿಕೊಂಡು ಬಿರಡೆ ಹಾಕಿದ ಹಾಗಾಗಿತ್ತು. ಒಳಗಿನ ಮಣ್ಣು ರಾಗಿ ಅಂಬಲಿಯ ಹದದಲ್ಲಿತ್ತು.

ನಮ್ಮ ಅಣ್ಣನ ಮಗ ಸಿವಿಲ್ ಓದುತ್ತಿದ್ದ. ಒಂದು ಕಾಗದ ತಂದು ಲೆಕ್ಕ ಹಾಕಿ ತೋರಿಸಿದ. ಆರಡಿ ಎತ್ತರದ ಒಣ ಮಣ್ಣು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು ಒಂದು ಟನ್ ಬಲದಿಂದ ದೂಡುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ ಎರಡು ಟನ್ ದಾಟುತ್ತದೆ. ನಮ್ಮ ಎಂಟಿಂಚು ಗೋಡೆಯ ತೂಕ ಮೀಟರಿಗೆ ಮುಕ್ಕಾಲು ಟನ್! "ಅತ್ತೆ, ಇದು ಮೂರು ವರ್ಷ ನಿಂತದ್ದೇ ಆಶ್ಚರ್ಯ" ಅಂದ. ಇನ್ನೊಂದು ಮಾತನ್ನೂ ಹೇಳಿದ, ಅದು ನನಗೆ ಹೊಸದು. ಗೋಡೆಯ ಎತ್ತರ ಎರಡು ಪಟ್ಟಾದರೆ ದೂಡುವ ಬಲ ನಾಲ್ಕು ಪಟ್ಟಾಗುತ್ತದಂತೆ. ಹಾಗಾಗಿ ಆರಡಿಯ ಒಂದೇ ಗೋಡೆಗಿಂತ ಮೂರು ಮೂರು ಅಡಿಯ ಎರಡು ಮೆಟ್ಟಿಲು ಮಾಡುವುದು ಒಳ್ಳೆಯದು. ಆದರೆ ಎರಡೂ ಹತ್ತಿರ ಹತ್ತಿರ ಇರಬಾರದು. ಕೆಳಗಿನ ಗೋಡೆಯ ಎತ್ತರದ ಎರಡು ಪಟ್ಟಾದರೂ ನಡುವೆ ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನದರ ಭಾರ ಕೆಳಗಿನದರ ತಲೆಗೇ ಬರುತ್ತದೆ.

ಬ್ಲಾಕ್ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಎರಡು ಎರಡೂವರೆ ಅಡಿಯ ಹೂವಿನ ಪಾತಿಗೆ ಅದು ಸಾಕು. ಅದಕ್ಕಿಂತ ಎತ್ತರ ಬೇಕಿದ್ದರೆ ಇಂಜಿನಿಯರ್ ಕೈಯಲ್ಲಿ ಲೆಕ್ಕ ಹಾಕಿಸಿ, ಕಬ್ಬಿಣ ಹಾಕಿ ಕಾಂಕ್ರೀಟಿನಲ್ಲೇ ಮಾಡಿ. ಕಾಂಪೌಂಡಿನ ಪಾಗಾರ ಕಟ್ಟುವ ಬ್ಲಾಕಿನಲ್ಲೇ ಧರೆಗೂ ಕಟ್ಟುತ್ತೇನೆ ಎಂದು ಯಾರಾದರೂ ಬಂದರೆ ಚಾ ಕೊಟ್ಟು ಕಳಿಸಿ.

ಇನ್ನು ಕೆಂಪುಕಲ್ಲು. ನಮ್ಮ ಊರಿನ ಕಲ್ಲು, ಮುರಕಲ್ಲು ಅಂತಲೂ ಹೇಳುತ್ತೇವೆ. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮೇಲೆ ಕಂಪನಿಯವರ ಪರವಾಗಿ ಮೈಸೂರು, ಕೆನರಾ, ಮಲಬಾರ್ ಸುತ್ತಿದವನು. ಲ್ಯಾಟಿನ್ನಿನಲ್ಲಿ ಲ್ಯಾಟರ್ ಅಂದರೆ ಇಟ್ಟಿಗೆ. ನೆಲದೊಳಗೆ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುವ ಕಲ್ಲು ಇದು. ಮನೆ ಗೋಡೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ.

ಆದರೆ ತಡೆಗೋಡೆಯ ಕತೆ ಬೇರೆ. ಒಂದು ಮುಖ ಯಾವಾಗಲೂ ಒದ್ದೆ ಮಣ್ಣಿಗೆ ಒತ್ತಿಕೊಂಡಿರುತ್ತದೆ ಅಲ್ವಾ, ಅದು ಒಣಗುವುದೇ ಇಲ್ಲ. ಹತ್ತು ಮಳೆಗಾಲದ ಮೇಲೆ ನನ್ನ ನಾಲ್ಕಡಿ ಗೋಡೆಯ ಮೇಲಿನ ವರಸೆಗಳು ಚೆನ್ನಾಗಿವೆ. ಕೆಳಗಿನ ಎರಡು ವರಸೆ ಬೆರಳಲ್ಲಿ ಕೆರೆದರೆ ಉದುರುತ್ತವೆ. ತಪ್ಪು ನಮ್ಮದೇ. ಕೋರೆಯಿಂದ ಬಂದ ಮೊದಲ ಲೋಡನ್ನು ಹಸಿ ಹಸಿಯಾಗಿಯೇ ಅಡಿಗೆ ಕಟ್ಟಿಸಿದೆವು. ಅದರಲ್ಲಿ ಬಿಳಿ ಮಣ್ಣು ತುಂಬಿದ ಕಲ್ಲುಗಳೂ ಬಹಳ ಇದ್ದವು. ಆ ಬಿಳಿ ಮಣ್ಣು ಮಳೆಗೆ ಕರಗಿ ಹೋಗಿ ಕಲ್ಲು ಜೇನುಗೂಡಿನಂತೆ ಆಗಿದೆ. ಈಗಾದರೆ ಒಂದೊಂದು ಕಲ್ಲನ್ನೂ ಸುತ್ತಿಗೆಯಲ್ಲಿ ಬಡಿದು ನೋಡುತ್ತೇನೆ. ಠಣ್ ಅಂದರೆ ಇರಲಿ, ದಬ್ ಅಂದರೆ ವಾಪಸ್.

ನೋಡಲು ಮಾತ್ರ ಇದರಷ್ಟು ಚೆಂದ ಯಾವುದೂ ಇಲ್ಲ. ಜುಲೈ ಹೊತ್ತಿಗೆ ಸಂದಿನಲ್ಲೆಲ್ಲ ಜರಿಗಿಡ ಏಳುತ್ತದೆ, ಹಸಿರು ಪಾಚಿ ಕೂರುತ್ತದೆ. ಬಂದವರೆಲ್ಲ ಇದರ ಎದುರು ನಿಂತೇ ಫೋಟೊ ತೆಗೆಯುವುದು. ಜರಿಗಿಡ ಇರಲಿ, ಅಶ್ವತ್ಥದ ಸಸಿ ಎದ್ದರೆ ಮಾತ್ರ ಅದೇ ದಿನ ಕಿತ್ತುಬಿಡಿ. ಒಂದು ವರ್ಷ ಬಿಟ್ಟರೆ ಬೇರು ಕಲ್ಲನ್ನೇ ಸೀಳುತ್ತದೆ.

ಈಗ ಮಾವನ ಕಾಡುಕಲ್ಲು. ಕಟ್ಟಲು ಬಂದ ಮೇಸ್ತ್ರಿಗೆ ಅರುವತ್ತು ದಾಟಿತ್ತು. ಏಳಡಿ ಗೋಡೆಗೆ ಅಡಿಯಲ್ಲಿ ನಾಲ್ಕಡಿ ಅಗಲ ಬೇಕು ಅಂದರು. ನನಗೆ ಸಿಟ್ಟೇ ಬಂತು, ಅಷ್ಟು ಜಾಗ ಹೋದರೆ ಗಿಡ ಎಲ್ಲಿ ನೆಡುವುದು? "ಅಕ್ಕ, ಇದಕ್ಕೆ ಅಂಟು ಇಲ್ಲ. ಭಾರವೇ ಇದರ ಅಂಟು" ಅಂದರು. ಗೋಡೆಯನ್ನು ನೇರ ಎಬ್ಬಿಸದೆ ಧರೆಯ ಕಡೆಗೆ ಒರಗಿಸಿದರು. ಎರಡು ಮೂರು ವರಸೆಗೊಮ್ಮೆ ಒಂದು ಉದ್ದದ ಕಲ್ಲನ್ನು ಅಡ್ಡಕ್ಕೆ, ಹಿಂದಿನ ಮಣ್ಣಿನವರೆಗೆ ಹೋಗುವ ಹಾಗೆ ಇಟ್ಟರು. ಹಿಂದೆ ಒಂದಡಿ ದಪ್ಪಕ್ಕೆ ಸಣ್ಣ ಕಲ್ಲು, ಜಲ್ಲಿ. ಎಂಟು ದಿನಕ್ಕೆ ಬ್ಲಾಕ್ ಗೋಡೆ ಮುಗಿದಿತ್ತು, ಇದಕ್ಕೆ ತಿಂಗಳು ಹಿಡಿಯಿತು. ಕೂಲಿಯೇ ಕಲ್ಲಿಗಿಂತ ಜಾಸ್ತಿ ಆಯಿತು.

2018ರಲ್ಲೂ ಅದು ಅಲುಗಲಿಲ್ಲ. ಜೋರು ಮಳೆಯ ದಿನ ಹೋಗಿ ನೋಡಿದರೆ ಇಡೀ ಗೋಡೆಯೇ ಬೆವರುತ್ತಿರುತ್ತದೆ. ನೂರು ಸಂದಿನಿಂದ ಒರತೆ ಇಳಿದು ಕೆಳಗಿನ ಕಣಿ ಸೇರುತ್ತದೆ. ಒಂದು ಕಡೆ ನಾಲ್ಕು ಬೆರಳಷ್ಟು ಕುಗ್ಗಿದೆ, ಆದರೆ ಬಿರುಕು ಅನ್ನುವ ಮಾತೇ ಇಲ್ಲ. ಒಮ್ಮೆ ಮೇಲಿನ ಒಂದು ಕಲ್ಲು ಉರುಳಿತು, ನಾನೂ ಗಂಡನೂ ಸೇರಿ ಎತ್ತಿ ಇಟ್ಟೆವು. ರಿಪೇರಿ ಖರ್ಚು ಸೊನ್ನೆ.

ದೂರು ಇಲ್ಲವೇ? ಇದೆ. ಹಾವು! ಸಂದಿಗಳಲ್ಲಿ ಕೇರೆಹಾವು ಸಂಸಾರ ಹೂಡಿದೆ, ಚೇಳೂ ಇದೆ. ಮಕ್ಕಳನ್ನು ಅಲ್ಲಿ ಕೂರಲು ಬಿಡುವುದಿಲ್ಲ. ಅತ್ತೆಯಂತೂ ಸಂಜೆ ಆ ಕಡೆ ಕಾಲಿಡುವುದಿಲ್ಲ. ಕಳೆ ಕೀಳುವುದೂ ಕಷ್ಟ. ಈ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಸಿಗುವುದೂ ಅಪರೂಪ.

ಬಿದ್ದ ಗೋಡೆಯ ಜಾಗದಲ್ಲಿ 2019ರ ಬೇಸಗೆಯಲ್ಲಿ ಕಾಡುಕಲ್ಲಿನಲ್ಲೇ ಎರಡು ಮೆಟ್ಟಿಲು ಕಟ್ಟಿಸಿದೆವು. ನಡುವಿನ ಆರಡಿ ಜಾಗದಲ್ಲಿ ಈಗ ಶುಂಠಿ, ಅರಿಶಿನ, ಮತ್ತೆ ನನ್ನ ಮಲ್ಲಿಗೆ. ಅದರ ಮೇಲಿನ ಬೋಳು ಇಳಿಜಾರಿಗೆ ಲಾವಂಚ ನೆಟ್ಟಿದ್ದೇನೆ, ಗೇಣಿಗೊಂದು ಬುಡದ ಹಾಗೆ ಅಡ್ಡ ಸಾಲು. ಇದರ ಬೇರು ಅಗಲಕ್ಕೆ ಹೋಗದೆ ನೇರ ಕೆಳಗೆ ಹತ್ತಡಿಯವರೆಗೂ ಇಳಿಯುತ್ತದೆ, ಹಾಗಾಗಿ ಗೋಡೆಗೆ ತೊಂದರೆ ಇಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ಇದನ್ನು ನೆಡುವುದು ಹಳೆಯ ರೂಢಿ. ಮೊದಲ ವರ್ಷ ಏನೂ ಕಾಣಲಿಲ್ಲ, ದನ ಬೇರೆ ಮೇಯ್ದು ಹೋಯಿತು. ಮೂರನೆಯ ವರ್ಷಕ್ಕೆ ಬೇಲಿಯ ಹಾಗೆ ನಿಂತಿತು. ಆದರೆ ನೆಟ್ಟಗೆ ತರಿದ ಧರೆಯನ್ನು ಹುಲ್ಲು ಒಂದೇ ಹಿಡಿಯಲಾರದು, ಆ ಆಸೆ ಬೇಡ.

ನೆರೆಮನೆಯವರು ತೋಡಿನ ಬದಿಗೆ ಗೇಬಿಯನ್ ಹಾಕಿಸಿದ್ದಾರೆ. ಘಾಟಿ ರಸ್ತೆಗಳಲ್ಲಿ ಕಾಣುವ, ತಂತಿಬಲೆಯ ಪೆಟ್ಟಿಗೆಗೆ ಕಲ್ಲು ತುಂಬುವ ಗೋಡೆ. ನೀರು ಚೆನ್ನಾಗಿ ಬಿಡುತ್ತದೆ, ಪಳಗಿದ ಮೇಸ್ತ್ರಿಯೇ ಬೇಕೆಂದಿಲ್ಲ. ನಾನು ಹೊಸದಾಗಿ ಕಟ್ಟುವುದಾದರೆ ಇದನ್ನೂ ನೋಡುತ್ತಿದ್ದೆ. ಪ್ಲಾಸ್ಟಿಕ್ ಹೊದಿಕೆ ಇರುವ ತಂತಿಯನ್ನೇ ಕೇಳಿ ತೆಗೆದುಕೊಳ್ಳಿ, ಹುಲ್ಲು ಕತ್ತರಿಸುವ ಮೆಷಿನ್ನನ್ನು ಹತ್ತಿರ ಬಿಡಬೇಡಿ. ಅವರ ಒಂದು ಪೆಟ್ಟಿಗೆಯ ತಂತಿ ಹಾಗೇ ತುಂಡಾದದ್ದು.

ನನ್ನ ಮುಂದಿನ ಖರ್ಚು ಕೆಂಪುಕಲ್ಲಿನ ಗೋಡೆಯ ಬುಡ. ಕೆಳಗಿನ ಎರಡು ವರಸೆಯನ್ನು ಮೂರು ಮೂರು ಅಡಿಯಂತೆ ಬಿಚ್ಚಿ ಕಾಡುಕಲ್ಲು ಕೂರಿಸಬೇಕು, ಹಿಂದೆ ಜಲ್ಲಿ ಹಾಕಬೇಕು. ಮೇಲೆ ಉಳಿಯುವ ಕೆಂಪುಕಲ್ಲಿನ ನಡುವೆ ಬದಲಿಸಲು ನಲವತ್ತು ಕಲ್ಲು ತರಿಸಿದ್ದೇನೆ, ಎಲ್ಲ ಠಣ್ ಅಂದವೇ. ಬಾವಿಕಟ್ಟೆಯ ಹತ್ತಿರ ಪೇರಿಸಿ ಒಣಗಲು ಬಿಟ್ಟಿದೆ. ಅತ್ತೆ ಈಗಾಗಲೇ ಅದರ ಮೇಲೆ ಹಪ್ಪಳ ಹರಡಿದ್ದಾರೆ.