ಮೀನಿಗೆ ಹಾಕುವ ತೇಲುವ ಕಾಳು: ದಾವಣಗೆರೆ ಹವೆಗೆ ಹೇಗೆ?

ದಾವಣಗೆರೆಯ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ 3 ಮಿ.ಮೀ. ಕಾಳು ಇದು, ಪ್ರೋಟೀನ್ ಶೇ. 32. ಗೇಣುದ್ದದ ಕೋಯಿಗೆ (ಕೊಳದಲ್ಲಿ ಸಾಕುವ ಬಣ್ಣದ ಮೀನು) ಸರಿಯಾದ ಗಾತ್ರ. ಸಣ್ಣ ಗೋಲ್ಡ್‌ಫಿಶ್‌ಗೆ ಪುಡಿ ಮಾಡಿ ಹಾಕಬೇಕು. ತೇಲುವುದೇ ಇದರ ದೊಡ್ಡ ಗುಣ: ಎಷ್ಟು ತಿಂದವು, ಎಷ್ಟು ಬಿಟ್ಟವು ಎಂಬುದು ಕಣ್ಣಿಗೇ ಕಾಣುತ್ತದೆ. ಐದು ನಿಮಿಷದಲ್ಲಿ ಖಾಲಿಯಾಗದಿದ್ದರೆ ಹಾಕಿದ್ದು ಜಾಸ್ತಿಯಾಯಿತು. ಉಳಿದದ್ದನ್ನು ಬಲೆಯಿಂದ ತೆಗೆದುಬಿಡಿ, ಕೊಳೆತರೆ ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ.

ಪೊಟ್ಟಣದ ಮೇಲೆ ಚಳಿಗಾಲದಲ್ಲಿ ನಿಲ್ಲಿಸಿ ಎಂದಿದೆ. ಅದು ನೀರು 10 ಡಿಗ್ರಿಗಿಂತ ಕೆಳಗಿಳಿಯುವ ಊರುಗಳ ಮಾತು. ನಮ್ಮ ಕೊಳಗಳು ಜನವರಿಯಲ್ಲೂ ಅಷ್ಟು ತಣ್ಣಗಾಗುವುದಿಲ್ಲ. ಬಿಸಿಲೇರಿದ ಮೇಲೆ ದಿನಕ್ಕೊಂದು ಸಲ ಸಾಕು.

ನಿಜವಾದ ಕಷ್ಟ ಏಪ್ರಿಲ್-ಮೇನಲ್ಲಿ. ನೀರು 30 ಡಿಗ್ರಿ ದಾಟಿದರೆ ಆಮ್ಲಜನಕ ಕಡಿಮೆ, ತಿಂದ ಮೀನಿಗೆ ಬೇಕಾದದ್ದು ಮಾತ್ರ ಹೆಚ್ಚು. ಬೆಳಗ್ಗೆ ಎಂಟರ ಸುಮಾರಿಗೆ ಸ್ವಲ್ಪವೇ ಹಾಕಿ. ಸಂಜೆ ಬೇಡವೇ ಬೇಡ, ರಾತ್ರಿ ಆಮ್ಲಜನಕ ಇನ್ನೂ ಇಳಿಯುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅದು ಹಸಿವಲ್ಲ, ಉಸಿರಾಟದ ಕಷ್ಟ. ಅಂದು ಕಾಳು ಹಾಕದೆ ಏರೇಟರ್ (ನೀರಿಗೆ ಗಾಳಿ ಊದುವ ಯಂತ್ರ) ಹಾಕಿ.

ಬಿಡಿಯಾಗಿ ತೂಗಿ ಕೊಡುವುದು ಅಗ್ಗವೇನೋ ಹೌದು, ಆದರೆ ಮಳೆಗಾಲದಲ್ಲಿ ತೇವ ಎಳೆದು ಬೂಷ್ಟು ಹಿಡಿಯುತ್ತದೆ. ಸೀಲ್ ಇರುವ ಸಣ್ಣ ಪೊಟ್ಟಣವನ್ನೇ ಕೊಳ್ಳಿ. ಮುಗ್ಗಲು ವಾಸನೆ ಬಂದರೆ ಎಸೆದುಬಿಡಿ.